‘ಮೊದಲ’ ಎಂದರೆ ಯಾವುದರಲ್ಲಿ ಮೊದಲ? ರಸಪ್ರಶ್ನೆಯ ನಾಲ್ಕು ಉತ್ತರಗಳ ತಕರಾರು

ಅರ್ಧಾಂಕ:

ಎಲ್ಲರಿಗೂ ನಮಸ್ಕಾರ. ವಿಜ್ಞಾನ ಕಥೆಗಳ ಟಿವಿ ಧಾರಾವಾಹಿಗಳನ್ನು ಬಹುಕಾಲದಿಂದ ನೋಡುತ್ತ ಬಂದಿರುವ ನಾವು ಆರು ಮಂದಿ ಮೂವರಂತೆ ಎರಡು ತಂಡಗಳಾಗಿ ಕಳೆದ ವಾರ ರಸಪ್ರಶ್ನೆ ಆಡಿದೆವು. ಅದು ಅಂಗಡಿಯಿಂದ ತಂದ ಆಟವಲ್ಲ. ನಮ್ಮ ಬಳಗದ ಒಬ್ಬರು ಬಿಡುವಿದ್ದಾಗಲೆಲ್ಲ ಕುಳಿತು, ಒಂದು ಬದಿಗೆ ಪ್ರಶ್ನೆ, ಬೆನ್ನಿಗೆ ಉತ್ತರ ಎಂಬಂತೆ ಕನ್ನಡದಲ್ಲಿ ಕೈಯಾರೆ ಬರೆದಿಟ್ಟ ಚೀಟಿಗಳ ಆಟ. ಆಟದ ದಿನ ಅವರಿಗೆ ಬರಲಾಗಲಿಲ್ಲ. ಚೀಟಿಗಳ ಡಬ್ಬಿಯನ್ನಷ್ಟೇ ಕಳುಹಿಸಿದ್ದರಿಂದ ಓದುವ ಹೊಣೆಯನ್ನು ಏಳನೆಯವರೊಬ್ಬರು ಹೊತ್ತರು. ಪ್ರತಿ ಪ್ರಶ್ನೆಗೂ ಎರಡೂ ತಂಡಗಳು ಉತ್ತರವನ್ನು ಹಾಳೆಯಲ್ಲಿ ಬರೆದು ಒಟ್ಟಿಗೆ ಎತ್ತಿ ತೋರಿಸಬೇಕು. ಚೀಟಿಯ ಬೆನ್ನಿಗಿರುವ ಉತ್ತರಕ್ಕೆ ಹೊಂದಿದರೆ ಒಂದು ಅಂಕ, ಇಲ್ಲವಾದರೆ ಸೊನ್ನೆ. ಆಟ ಮುಗಿದಾಗ ಎದುರು ತಂಡಕ್ಕೆ 31, ನಮಗೆ 29.

ಸೋತ ಹೊಟ್ಟೆಯುರಿಯಿಂದ ಇದನ್ನು ಬರೆಯುತ್ತಿದ್ದೇನೆ ಎಂದು ಯಾರಾದರೂ ಹೇಳಿದರೆ ಪೂರ್ತಿ ಅಲ್ಲಗಳೆಯಲಾರೆ. ಆದರೂ ನಾಲ್ಕು ಉತ್ತರಗಳ ವಿಷಯದಲ್ಲಿ ಆ ರಾತ್ರಿ ಹುಟ್ಟಿದ ವಾದ ಇನ್ನೂ ತಣಿದಿಲ್ಲವಾದ್ದರಿಂದ, ನಮ್ಮೆರಡು ತಂಡಗಳಿಗೂ ಸೇರದವರ ಅಭಿಪ್ರಾಯ ಬೇಕಾಗಿದೆ.

ಅಮೆರಿಕದ ಸ್ಟಾರ್ ಟ್ರೆಕ್ ಧಾರಾವಾಹಿಯ ಬಾಹ್ಯಾಕಾಶ ನೌಕೆಯ ಕುರಿತು ‘ಎಂಟರ್‌ಪ್ರೈಸ್ ನೌಕೆಯ ಮೊದಲ ಕ್ಯಾಪ್ಟನ್ ಯಾರು?’ ಎಂದು ಓದಲಾಯಿತು. ಎದುರು ತಂಡ ಕ್ರಿಸ್ಟೋಫರ್ ಪೈಕ್ ಎಂದು ಬರೆಯಿತು, ನಾವು ರಾಬರ್ಟ್ ಏಪ್ರಿಲ್ ಎಂದು ಬರೆದೆವು. ಚೀಟಿಯ ಬೆನ್ನಿಗೆ ಪೈಕ್ ಎಂದಿತ್ತು. ‘ಸ್ಟಾರ್ ಟ್ರೆಕ್ ಮೊದಲು ಪ್ರಸಾರವಾದ ದಿನಾಂಕ ಯಾವುದು?’ ಎಂಬುದಕ್ಕೆ ಅವರ ಉತ್ತರ 1966ರ ಸೆಪ್ಟೆಂಬರ್ 8, ನಮ್ಮದು ಸೆಪ್ಟೆಂಬರ್ 6. ಅಲ್ಲಿಯೂ ಚೀಟಿ ಅವರ ಕಡೆಗೇ ನಿಂತಿತು. ‘ಡಾಕ್ಟರ್ ಹೂ ಧಾರಾವಾಹಿಯ ಟಾರ್ಡಿಸ್ ಎಂಬ ಹೆಸರನ್ನು ಬಿಡಿಸಿ ಬರೆಯಿರಿ’ (ಆ ಬ್ರಿಟಿಷ್ ಧಾರಾವಾಹಿಯ ನಾಯಕ ‘ಡಾಕ್ಟರ್’ನ ಕಾಲಯಾನದ ನೌಕೆಯೇ ಟಾರ್ಡಿಸ್) ಎಂದಾಗ ನಾವು ‘ಟೈಮ್ ಅಂಡ್ ರಿಲೇಟಿವ್ ಡೈಮೆನ್ಷನ್ ಇನ್ ಸ್ಪೇಸ್’ ಎಂದು ಬರೆದು ಅಂಕ ಪಡೆದೆವು. ಅವರ ಹಾಳೆಯಲ್ಲಿ ‘ಡೈಮೆನ್ಷನ್ಸ್’ ಎಂದಿದ್ದು, ಆ ಒಂದು ‘ಸ್’ ಅವರ ಅಂಕವನ್ನು ನುಂಗಿತು. ಕೊನೆಯದು, ‘ಟಿವಿಯಲ್ಲಿ ಕರಿಯ ಮತ್ತು ಬಿಳಿಯ ವರ್ಣದವರ ನಡುವಿನ ಮೊದಲ ಚುಂಬನ ಯಾವ ಧಾರಾವಾಹಿಯಲ್ಲಿ ಬಂತು?’ ಎಂಬ ಪ್ರಶ್ನೆ. ಅವರು ಸ್ಟಾರ್ ಟ್ರೆಕ್ ಎಂದರು, ಚೀಟಿಯೂ ಹಾಗೆಯೇ ಹೇಳಿತು. ನಮ್ಮ ತಂಡದ ಹಿರಿಯರು ಹಾಳೆಯ ತುಂಬ ‘ಪ್ರಶ್ನೆಯೇ ತಪ್ಪು’ ಎಂದು ದೊಡ್ಡಕ್ಷರಗಳಲ್ಲಿ ಬರೆದು ಎತ್ತಿ ಹಿಡಿದರು, ಸಹಜವಾಗಿಯೇ ಸೊನ್ನೆ ಬಂತು.

ಚೀಟಿಯಲ್ಲಿ ಬರೆದದ್ದೇ ಅಂತಿಮವೇ, ಅಥವಾ ಬೇರೊಂದು ಉತ್ತರವೂ ಸರಿಯೆಂದು ತೋರಿಸಿಕೊಟ್ಟರೆ ಅದನ್ನು ಒಪ್ಪಬೇಕೇ? ಒಪ್ಪುವುದಾದರೆ ಯಾವ ಆಧಾರದ ಮೇಲೆ?

ಧೂಮಕೇತು:

ಅರ್ಧಾಂಕ ಅವರೇ, ಕ್ಯಾಪ್ಟನ್ ಪ್ರಶ್ನೆಯನ್ನೇ ಹಿಡಿದುಕೊಳ್ಳುತ್ತೇನೆ, ಏಕೆಂದರೆ ನಾಲ್ಕರಲ್ಲಿ ಅತ್ಯಂತ ಸ್ವಾರಸ್ಯವಿರುವುದು ಅದರಲ್ಲೇ.

ಪೈಕ್ ಹೆಸರು ಎಲ್ಲರ ಬಾಯಲ್ಲಿ ಮೊದಲಿಗೆ ಬರುವುದಕ್ಕೆ ಕಾರಣವಿದೆ. ಸ್ಟಾರ್ ಟ್ರೆಕ್‌ಗಾಗಿ ತಯಾರಾದ ಮೊದಲ ಪೈಲಟ್ ಕಂತು, ಅಂದರೆ ವಾಹಿನಿಗೆ ತೋರಿಸಲು ತೆಗೆದ ಮಾದರಿ ಕಂತು, ‘ದಿ ಕೇಜ್’. ಅದರಲ್ಲಿ ಜೆಫ್ರಿ ಹಂಟರ್ ಕ್ಯಾಪ್ಟನ್ ಪೈಕ್ ಆಗಿದ್ದರು. ಎನ್‌ಬಿಸಿ ವಾಹಿನಿ ಅದನ್ನು ಒಪ್ಪದೆ ಎರಡನೆಯ ಪೈಲಟ್ ಕೇಳಿತು. ಮೊದಲ ಪೈಲಟ್‌ನಿಂದ ಎರಡನೆಯದಕ್ಕೆ ದಾಟಿ ಬಂದ ಪಾತ್ರ ಸ್ಪಾಕ್ ಒಂದೇ. ಕ್ಯಾಪ್ಟನ್ ಕುರ್ಚಿಗೆ ವಿಲಿಯಂ ಶಾಟ್ನರ್ ಅವರ ಕಿರ್ಕ್ ಬಂದು ಕುಳಿತರು. ಖರ್ಚು ಮಾಡಿ ತೆಗೆದ ಚಿತ್ರವನ್ನು ಹಾಳುಮಾಡಬಾರದೆಂದು ಅದರ ಬಹುಭಾಗವನ್ನು 1966ರ ನವೆಂಬರ್‌ನಲ್ಲಿ ಬಂದ ‘ದಿ ಮೆನಾಜರಿ’ ಎಂಬ ಎರಡು ಭಾಗಗಳ ಕಥೆಯೊಳಗೆ ಹೆಣೆದರು. ‘ದಿ ಕೇಜ್’ ಇಡಿಯಾಗಿ ಟಿವಿಯಲ್ಲಿ ಬಂದದ್ದು 1988ರಲ್ಲಿ. ಹೀಗಾಗಿ ಕ್ಯಾಮೆರಾ ಮುಂದೆ ಎಂಟರ್‌ಪ್ರೈಸ್‌ನ ಕ್ಯಾಪ್ಟನ್ ಕುರ್ಚಿಯಲ್ಲಿ ಮೊಟ್ಟಮೊದಲು ಕುಳಿತವರು ಪೈಕ್ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ‘ದಿ ಮೆನಾಜರಿ’ಯ ಸಂಭಾಷಣೆಯನ್ನು ಗಮನವಿಟ್ಟು ಕೇಳಿ. ಪೈಕ್ ಅವರ ಕೈಯಿಂದ ಕಿರ್ಕ್ ನೌಕೆಯನ್ನು ವಹಿಸಿಕೊಂಡರು ಎಂದಿದೆ, ಸ್ಪಾಕ್ ಪೈಕ್ ಕೈಕೆಳಗೆ 11 ವರ್ಷ, 4 ತಿಂಗಳು, 5 ದಿನ ಸೇವೆ ಸಲ್ಲಿಸಿದರು ಎಂದೂ ಇದೆ. ಪೈಕ್‌ಗಿಂತ ಹಿಂದೆ ಯಾರೂ ಇರಲಿಲ್ಲ ಎಂಬ ಮಾತು ಮಾತ್ರ ಅಲ್ಲಿ ಎಲ್ಲಿಯೂ ಇಲ್ಲ. ಕಿರ್ಕ್‌ಗಿಂತ ಹಿಂದಿನವರು ಎಂಬುದನ್ನೇ ನಾವು ಎಲ್ಲರಿಗಿಂತ ಹಿಂದಿನವರು ಎಂದು ಓದಿಕೊಂಡಿದ್ದೇವೆ.

ಆ ಖಾಲಿ ಜಾಗವನ್ನು ತುಂಬಿದ್ದು ಆನಿಮೇಷನ್ ಸರಣಿ. 1973–74ರಲ್ಲಿ ಬಂದ 22 ಕಂತುಗಳ ಆ ಸರಣಿಯ ಕೊನೆಯ ಕಂತಿನಲ್ಲಿ ವಯಸ್ಸಾಗಿ ನಿವೃತ್ತಿಯ ಅಂಚಿಗೆ ಬಂದ ಕಮೊಡೋರ್ ರಾಬರ್ಟ್ ಏಪ್ರಿಲ್ ತಮ್ಮ ಪತ್ನಿಯೊಡನೆ ನೌಕೆಗೆ ಬರುತ್ತಾರೆ. ಎನ್‌ಸಿಸಿ-1701 ಎಂಬ ನೋಂದಣಿ ಸಂಖ್ಯೆಯ ಆ ನೌಕೆಗೆ ಮೊದಲ ಕ್ಯಾಪ್ಟನ್ ಆಗಿದ್ದವರು ಅವರೇ ಎಂದು ಅಲ್ಲಿ ನೇರವಾಗಿ ಹೇಳಲಾಗಿದೆ. ಹೆಸರಿನ ಬೇರು ಇನ್ನೂ ಹಳೆಯದು. ಜೀನ್ ರಾಡನ್‌ಬೆರಿ 1964ರ ಮಾರ್ಚ್‌ನಲ್ಲಿ ಧಾರಾವಾಹಿಯ ಯೋಜನೆಯನ್ನು ಕಾಗದಕ್ಕಿಳಿಸಿದಾಗ ಕ್ಯಾಪ್ಟನ್‌ಗೆ ಇಟ್ಟಿದ್ದ ಹೆಸರು ರಾಬರ್ಟ್ ಏಪ್ರಿಲ್ ಎಂದೇ. ನೌಕೆಯ ಹೆಸರು ಆಗ ಯಾರ್ಕ್‌ಟೌನ್. ಪೈಕ್, ಕಿರ್ಕ್ ಎಲ್ಲರೂ ಆಮೇಲೆ ಹುಟ್ಟಿದವರು.

ಆನಿಮೇಷನ್ ಸರಣಿಯನ್ನು ಬಹಳ ವರ್ಷಗಳ ಕಾಲ ಕ್ಯಾನನ್‌ನಿಂದ, ಅಂದರೆ ಕಥೆಯ ಅಧಿಕೃತ ಇತಿಹಾಸದಿಂದ, ಹೊರಗೇ ಇಟ್ಟಿದ್ದರು ಎಂಬುದು ನಿಮ್ಮ ಎದುರು ತಂಡದ ವಾದವಾಗಿರಬಹುದು. 2017ಕ್ಕಿಂತ ಹಿಂದೆ ಅದಕ್ಕೆ ತೂಕವಿತ್ತು. ಆ ವರ್ಷ ‘ಡಿಸ್ಕವರಿ’ ಸರಣಿಯ ಒಂದು ಕಂತಿನಲ್ಲಿ ಹೆಚ್ಚು ಪದಕ ಪಡೆದ ಕ್ಯಾಪ್ಟನ್‌ಗಳ ಪಟ್ಟಿ ಪರದೆಯ ಮೇಲೆ ಮೂಡಿ, ಅದರಲ್ಲಿ ಏಪ್ರಿಲ್ ಹೆಸರು ಕಾಣಿಸಿಕೊಂಡಿತು. 2022ರಲ್ಲಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಬಂದಾಗ ಏಡ್ರಿಯನ್ ಹೋಮ್ಸ್ ಎಂಬ ನಟ ಅಡ್ಮಿರಲ್ ಏಪ್ರಿಲ್ ಆಗಿ ಮೈದಳೆದು ನಿಂತರು. ಇನ್ನು ಅವರನ್ನು ಹೊರಗಿಡುವುದು ಸಾಧ್ಯವಿಲ್ಲ.

ಇಷ್ಟು ಹೇಳಿಯೂ ನಿಮಗೆ ಪೂರ್ತಿ ಅಂಕ ಕೊಡಲು ನನ್ನ ಕೈ ಬರುವುದಿಲ್ಲ. ಪ್ರಶ್ನೆ ಬರೀ ‘ಎಂಟರ್‌ಪ್ರೈಸ್ ನೌಕೆ’ ಎಂದಿದೆ, ನೋಂದಣಿ ಸಂಖ್ಯೆ ಹೇಳಿಲ್ಲ. ಕಥೆಯೊಳಗಿನ ಕಾಲಕ್ರಮ ಹಿಡಿದರೆ 2001ರಲ್ಲಿ ಆರಂಭವಾದ ‘ಎಂಟರ್‌ಪ್ರೈಸ್’ ಸರಣಿಯ ಎನ್‌ಎಕ್ಸ್-01 ನೌಕೆ ಕಿರ್ಕ್ ಕಾಲಕ್ಕಿಂತ ಒಂದು ಶತಮಾನದಷ್ಟು ಹಿಂದಿನದು. ಅದರ ಕ್ಯಾಪ್ಟನ್ ಜೊನಾಥನ್ ಆರ್ಚರ್. ತೀರಾ ಹಟ ಹಿಡಿದವರು ಇನ್ನೂ ಒಂದು ಹೆಜ್ಜೆ ಮುಂದಿಡಬಹುದು. ಅಮೆರಿಕದ ನಾಸಾ ಸಂಸ್ಥೆ ತನ್ನ ಮೊದಲ ಸ್ಪೇಸ್ ಷಟಲ್‌ಗೆ ‘ಕಾನ್‌ಸ್ಟಿಟ್ಯೂಷನ್’ ಎಂದು ಹೆಸರಿಡಲು ಹೊರಟಿತ್ತು. ಅಭಿಮಾನಿಗಳು ಬರೆದ ಪತ್ರಗಳ ರಾಶಿಯಿಂದಾಗಿ ಅದು ‘ಎಂಟರ್‌ಪ್ರೈಸ್’ ಆಯಿತು, 1976ರ ಸೆಪ್ಟೆಂಬರ್‌ನಲ್ಲಿ ಹೊರತಂದಾಗ ಧಾರಾವಾಹಿಯ ಕಲಾವಿದರೇ ಎದುರಿಗೆ ನಿಂತಿದ್ದರು. ಬಾಹ್ಯಾಕಾಶಕ್ಕೆ ಎಂದೂ ಹೋಗದ ಆ ನೌಕೆಯನ್ನು 1977ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಗಾಳಿಯಲ್ಲಿ ಸ್ವತಂತ್ರವಾಗಿ ತೇಲಿಸಿ ಇಳಿಸಿದವರು ಫ್ರೆಡ್ ಹೇಸ್ ಮತ್ತು ಗಾರ್ಡನ್ ಫುಲ್ಲರ್ಟನ್. ನಿಜವಾದ ಲೋಹದ ಎಂಟರ್‌ಪ್ರೈಸ್‌ಗೆ ನಿಜವಾದ ಕಮಾಂಡರ್ ಬೇಕೆಂದರೆ, ಅಪೋಲೋ 13ರಿಂದ ಜೀವಸಹಿತ ಮರಳಿದ ಹೇಸ್ ಅವರ ಹೆಸರನ್ನು ಯಾರು ಬೇಕಾದರೂ ಬರೆಯಬಹುದಿತ್ತು.

ಅಡ್ಡಗೋಡೆಯ ಮೇಲೆ ದೀಪವಿಟ್ಟಂತಹ ಪ್ರಶ್ನೆ ಇದು. ರದ್ದು ಮಾಡುವುದೇ ಮೇಲು.

ಕಟ್ಟಳೆ:

ಇಷ್ಟೆಲ್ಲ ಅಗತ್ಯವೇ? ಆಟ ಶುರುವಾಗುವ ಮುನ್ನ ಚೀಟಿಯ ಉತ್ತರಕ್ಕೆ ಹೊಂದಿದರೆ ಅಂಕ ಎಂಬ ನಿಯಮವನ್ನು ಎರಡೂ ತಂಡಗಳು ಒಪ್ಪಿವೆ. ಒಪ್ಪಿ ಆಡಿ, ಸೋತ ಮೇಲೆ ಮೊಸರಿನಲ್ಲಿ ಕಲ್ಲು ಹುಡುಕುವುದು ನನಗೆ ಸರಿಕಾಣುವುದಿಲ್ಲ. ರಸಪ್ರಶ್ನೆಯಲ್ಲಿ ಕೇಳುವುದು ಲೋಕದಲ್ಲಿ ಯಾವುದು ಸತ್ಯ ಎಂದಲ್ಲ, ಪ್ರಶ್ನೆ ಬರೆದವರ ಮನಸ್ಸಿನಲ್ಲಿ ಯಾವ ಉತ್ತರವಿದೆ ಎಂದು. ಅದನ್ನು ಊಹಿಸುವುದೂ ಆಟದ ಜಾಣ್ಮೆಯ ಭಾಗವೇ. ಎದುರು ತಂಡದವರಿಗೂ ಏಪ್ರಿಲ್ ಹೆಸರು ಗೊತ್ತಿದ್ದು, ಚೀಟಿ ಬರೆದವರು ಅಷ್ಟು ಆಳಕ್ಕೆ ಹೋಗಿರಲಾರರು ಎಂದು ಲೆಕ್ಕಹಾಕಿ ಪೈಕ್ ಎಂದು ಬರೆದಿದ್ದರೆ, ನಿಮಗಿಂತ ಚೆನ್ನಾಗಿ ಆಡಿದವರು ಅವರೇ ಆಗುತ್ತಾರೆ. 31–29 ಸರಿಯಾಗಿದೆ.

ನೀಲಿ ಪೆಟ್ಟಿಗೆ:

ಕಟ್ಟಳೆ ಅವರ ಮಾತು ಟಾರ್ಡಿಸ್ ಪ್ರಶ್ನೆಗೆ ಬಂದಾಗ ಬಹಳ ನಿಷ್ಠುರವೆನಿಸುತ್ತದೆ, ಏಕೆಂದರೆ ಅಲ್ಲಿ ಎರಡು ಉತ್ತರಗಳೂ ಧಾರಾವಾಹಿಯ ಪಾತ್ರಗಳ ಬಾಯಿಂದಲೇ ಬಂದಿವೆ. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಬಂದ ಮೊದಲ ಕಂತಿನಲ್ಲಿ ಡಾಕ್ಟರ್‌ನ ಮೊಮ್ಮಗಳು ಸೂಸನ್, ಆ ಹೆಸರನ್ನು ತಾನೇ ಮೊದಲಕ್ಷರಗಳಿಂದ ಕಟ್ಟಿದ್ದಾಗಿ ಹೇಳುತ್ತಾಳೆ. ಅವಳ ಮಾತಿನಲ್ಲಿರುವುದು ಏಕವಚನದ ‘ಡೈಮೆನ್ಷನ್’. ಸೂಸನ್ ಧಾರಾವಾಹಿಯಿಂದ ಹೋದ ಮೇಲೆ ಅವಳ ಜಾಗಕ್ಕೆ ಬಂದ ವಿಕಿ 1965ರ ‘ದಿ ಟೈಮ್ ಮೆಡ್ಲರ್’ ಕಥೆಯಲ್ಲಿ ಅದನ್ನೇ ‘ಡೈಮೆನ್ಷನ್ಸ್’ ಎಂದು ಬಹುವಚನ ಮಾಡಿದಳು, ಆ ಮೇಲೆ ಬಹುಕಾಲ ಬಹುವಚನವೇ ರೂಢಿಯಲ್ಲಿ ಉಳಿಯಿತು. 2005ರಲ್ಲಿ ಧಾರಾವಾಹಿ ಮರಳಿ ಬಂದಾಗ ಕ್ರಿಸ್ಟೋಫರ್ ಎಕ್ಲ್‌ಸ್ಟನ್ ಅವರ ಡಾಕ್ಟರ್ ಮೊದಲ ಕಂತಿನಲ್ಲೇ ಮತ್ತೆ ಏಕವಚನಕ್ಕೆ ತಿರುಗಿದರು. ಎಪ್ಪತ್ತು, ಎಂಬತ್ತರ ದಶಕದ ಕಂತುಗಳನ್ನು ನೋಡಿ ಬೆಳೆದವರಿಗೆ ಬಹುವಚನ, ಹೊಸಬರಿಗೆ ಏಕವಚನ ಎಂದರೂ ನಡೆದೀತು. ಎದುರು ತಂಡದಲ್ಲಿ ಹಳೆಯ ನೋಡುಗರಿದ್ದರೇನೋ.

ಹೆಸರನ್ನು ಕಟ್ಟಿದವಳೇ ಸೂಸನ್ ಆದ್ದರಿಂದ ಅವಳ ರೂಪವೇ ಮೂಲ ಎಂದು ವಾದಿಸಬಹುದು, ನಾನೇ ಹಲವು ಸಲ ವಾದಿಸಿದ್ದೇನೆ. ಆದರೆ ಪ್ರಶ್ನೆ ‘ಮೊದಲ ಕಂತಿನಲ್ಲಿ ಸೂಸನ್ ಹೇಳಿದಂತೆ’ ಎಂದು ಕೇಳಿಲ್ಲ. ಕೇಳದಿದ್ದ ಮೇಲೆ ಎರಡಕ್ಕೂ ಅಂಕ ಸಲ್ಲಬೇಕು. ಅರ್ಧಾಂಕ ಅವರೇ, ಏಪ್ರಿಲ್ ವಿಷಯದಲ್ಲಿ ನೀವು ಬಯಸುವ ಔದಾರ್ಯವನ್ನು ಇಲ್ಲಿ ಎದುರು ತಂಡಕ್ಕೆ ತೋರಿಸಲೇಬೇಕಾಗುತ್ತದೆ.

ಡಾಕ್ಟರ್ ಹೂ ಕುರಿತ ಪ್ರಶ್ನೆಗಳಲ್ಲಿ ಇಂತಹ ಬಲೆಗಳು ಹೆಜ್ಜೆಗೊಂದಿವೆ. ನಾಯಕನ ಹೆಸರು ‘ಡಾಕ್ಟರ್ ಹೂ’ ಅಲ್ಲ, ಬರೀ ‘ಡಾಕ್ಟರ್’ ಎಂದು ಅಭಿಮಾನಿಗಳು ಹೊಸಬರನ್ನು ತಿದ್ದುವುದು ಒಂದು ಸಂಪ್ರದಾಯವೇ ಆಗಿದೆ. ಹಾಗೆ ತಿದ್ದುವವರು 1963ರಿಂದ 1981ರವರೆಗಿನ ಕಂತುಗಳ ಕೊನೆಯಲ್ಲಿ ಬರುವ ಪಾತ್ರವರ್ಗದ ಪಟ್ಟಿಯನ್ನು ಓದಿಲ್ಲ. ಅಲ್ಲಿ ಪಾತ್ರದ ಹೆಸರು ‘ಡಾಕ್ಟರ್ ಹೂ’ ಎಂದೇ ಇದೆ. ಪೀಟರ್ ಡೇವಿಸನ್ ಕಾಲದಲ್ಲಿ ಅದು ‘ದಿ ಡಾಕ್ಟರ್’ ಆಯಿತು, 2005ರಲ್ಲಿ ಎಕ್ಲ್‌ಸ್ಟನ್ ಪಾಲಿಗೆ ಮತ್ತೆ ‘ಡಾಕ್ಟರ್ ಹೂ’ ಆಯಿತು, ಡೇವಿಡ್ ಟೆನೆಂಟ್ ಬಂದೊಡನೆ ಪುನಃ ‘ದಿ ಡಾಕ್ಟರ್’ ಆಯಿತು. ಸಾಲದ್ದಕ್ಕೆ 1966ರ ‘ದಿ ವಾರ್ ಮಷೀನ್ಸ್’ ಕಥೆಯ ಕಂಪ್ಯೂಟರೊಂದು ನಾಯಕನನ್ನು ‘ಡಾಕ್ಟರ್ ಹೂ’ ಎಂದೇ ಕರೆಯುತ್ತದೆ. ನಾನು ಪ್ರಶ್ನೆ ಬರೆಯುವುದಾದರೆ ಈ ಹೆಸರಿನ ಹತ್ತಿರಕ್ಕೂ ಹೋಗುವುದಿಲ್ಲ.

‘ಮೊದಲ ರೀಜನರೇಷನ್ ಯಾವಾಗ?’, ಅಂದರೆ ಡಾಕ್ಟರ್ ಹಳೆಯ ದೇಹ ಬಿಟ್ಟು ಹೊಸ ದೇಹ ಪಡೆದದ್ದು, ಅರ್ಥಾತ್ ನಟ ಬದಲಾದದ್ದು, ಮೊದಲು ಯಾವಾಗ ಎಂಬ ಸಲೀಸು ಪ್ರಶ್ನೆಯನ್ನೇ ನೋಡಿ. ವಿಲಿಯಂ ಹಾರ್ಟ್‌ನೆಲ್ ಅವರ ಮುಖ ಕರಗಿ ಪ್ಯಾಟ್ರಿಕ್ ಟ್ರೌಟನ್ ಅವರ ಮುಖ ಮೂಡಿದ್ದು 1966ರ ಅಕ್ಟೋಬರ್ 29ರಂದು ಬಂದ ‘ದಿ ಟೆಂತ್ ಪ್ಲಾನೆಟ್’ನ ನಾಲ್ಕನೆಯ ಕಂತಿನಲ್ಲಿ. ಆದರೆ ಆ ಬದಲಾವಣೆಗೆ ‘ರೀಜನರೇಷನ್’ ಎಂಬ ಹೆಸರು ಬಂದದ್ದು 1974ರಲ್ಲಿ, ಮೂರನೆಯ ಡಾಕ್ಟರ್ ನಾಲ್ಕನೆಯವನಾಗುವಾಗ. ಅಂದಮೇಲೆ ಘಟನೆಯನ್ನು ಕೇಳುತ್ತಿದ್ದೀರೋ, ಪದವನ್ನು ಕೇಳುತ್ತಿದ್ದೀರೋ? ಆ ನಾಲ್ಕನೆಯ ಕಂತಿನ ಟೇಪು ಈಗ ಇಲ್ಲ; ಮುಖ ಬದಲಾಗುವ ಕೆಲವು ಕ್ಷಣಗಳು ಮಾತ್ರ ಉಳಿದಿವೆ, ಅದೂ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಆ ತುಣುಕನ್ನು ಬಳಸಿಕೊಂಡಿದ್ದರ ಪುಣ್ಯದಿಂದ. ಇಡೀ ಧಾರಾವಾಹಿಯ ಆಯುಸ್ಸು ನಿಂತಿರುವುದು ಆ ತುಣುಕಿನ ಮೇಲೆ ಎಂದು ನೆನೆದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ.

ಹಳೆ ಟೇಪು:

ದಿನಾಂಕ ಮತ್ತು ಚುಂಬನ, ಇವೆರಡು ನನ್ನ ಪಾಲಿಗಿರಲಿ.

1966ರ ಸೆಪ್ಟೆಂಬರ್ 8, ಗುರುವಾರ, ಎನ್‌ಬಿಸಿ: ಎಲ್ಲ ಕೋಶಗಳಲ್ಲಿ ಇರುವುದು ಇದೇ. ಆದರೆ ಕೆನಡಾದ ಸಿಟಿವಿ ವಾಹಿನಿ ಅದೇ ‘ದಿ ಮ್ಯಾನ್ ಟ್ರ್ಯಾಪ್’ ಕಂತನ್ನು ಎರಡು ದಿನ ಮುಂಚೆ, ಸೆಪ್ಟೆಂಬರ್ 6ರ ಮಂಗಳವಾರವೇ ತೋರಿಸಿಬಿಟ್ಟಿತ್ತು. ಪ್ರಶ್ನೆಯಲ್ಲಿ ‘ಅಮೆರಿಕದಲ್ಲಿ’ ಎಂಬ ಒಂದು ಪದ ಇದ್ದಿದ್ದರೆ ನಿಮ್ಮ ಬಾಯಿ ಕಟ್ಟುತ್ತಿತ್ತು. ಇಲ್ಲದ್ದರಿಂದ 6 ಎಂಬುದೇ ಕಟ್ಟುನಿಟ್ಟಾದ ಉತ್ತರ. ಆದರೂ 8 ಎಂದವರ ಅಂಕ ಕಿತ್ತುಕೊಳ್ಳಬಾರದು. ಅದನ್ನು ಸ್ಟಾರ್ ಟ್ರೆಕ್ ದಿನವೆಂದು ಅಭಿಮಾನಿಗಳೇ ಪ್ರತಿ ವರ್ಷ ಆಚರಿಸುತ್ತ ಬಂದಿದ್ದಾರೆ. ಇಬ್ಬರಿಗೂ ಕೊಡಿ.

ಪ್ರಸಾರದ ಕ್ರಮ ಬೇರೆ, ತಯಾರಿಕೆಯ ಕ್ರಮ ಬೇರೆ ಎಂಬುದನ್ನೂ ನೆನಪಿಡಬೇಕು. ಧೂಮಕೇತು ಅವರು ಹೇಳಿದ ಎರಡನೆಯ ಪೈಲಟ್ 1965ರಲ್ಲೇ ಚಿತ್ರೀಕರಣವಾಗಿದ್ದರೂ ಪ್ರಸಾರವಾದದ್ದು ಮೂರನೆಯ ಕಂತಾಗಿ, ಸೆಪ್ಟೆಂಬರ್ 22ರಂದು. ಮೊದಲ ಎರಡು ವಾರ ನೋಡಿದವರಿಗೆ ಆ ವಾರ ಎಲ್ಲವೂ ಏರುಪೇರಾಗಿ ಕಂಡಿರಬೇಕು: ಸಮವಸ್ತ್ರ ಬೇರೆ, ವೈದ್ಯ ಮೆಕಾಯ್ ಇದ್ದಲ್ಲಿ ಪೈಪರ್ ಎಂಬ ಇನ್ನೊಬ್ಬರು. ಅದೇ ಕಂತಿನಲ್ಲಿ ಕಿರ್ಕ್‌ಗೆಂದು ಎಬ್ಬಿಸಿದ ಗೋರಿಕಲ್ಲೊಂದು ಬರುತ್ತದೆ. ಚಿತ್ರವನ್ನು ಅಲ್ಲಿ ನಿಲ್ಲಿಸಿ ನೋಡಿ, ಕಲ್ಲಿನ ಮೇಲೆ ‘ಜೇಮ್ಸ್ ಆರ್. ಕಿರ್ಕ್’ ಎಂದು ಕೆತ್ತಿದೆ. ಎಲ್ಲರೂ ಬಲ್ಲ ಹೆಸರು ‘ಜೇಮ್ಸ್ ಟಿ. ಕಿರ್ಕ್’. ಆ ‘ಟಿ’ ಎಂದರೆ ಟೈಬೀರಿಯಸ್ ಎಂಬ ವಿವರಣೆ ಬಂದದ್ದು 1974ರ ಆನಿಮೇಷನ್ ಕಂತೊಂದರಲ್ಲಿ, ಜೀವಂತ ನಟರ ಬಾಯಲ್ಲಿ ಅದು ಕೇಳಿಸಿದ್ದು 1991ರ ಆರನೆಯ ಚಲನಚಿತ್ರದಲ್ಲಿ. ಯಾರಾದರೂ ‘ಕಿರ್ಕ್‌ನ ಮಧ್ಯಾಕ್ಷರವೇನು?’ ಎಂದು ಕೇಳಿದರೆ ನಾನು ಮೊದಲು ಅವರ ಮುಖ ನೋಡುತ್ತೇನೆ, ಆಮೇಲೆ ಉತ್ತರ ಬರೆಯುತ್ತೇನೆ.

ಇನ್ನು ಚುಂಬನ. ಕಿರ್ಕ್ ಮತ್ತು ನೌಕೆಯ ಕರಿಯ ವರ್ಣದ ಅಧಿಕಾರಿ ಉಹುರಾ ನಡುವಿನ ಆ ದೃಶ್ಯ ‘ಪ್ಲೇಟೋಸ್ ಸ್ಟೆಪ್‌ಚಿಲ್ಡ್ರನ್’ ಕಂತಿನದು, 1968ರ ನವೆಂಬರ್ 22ರಂದು ಬಂದದ್ದು. ಕಥೆಯಲ್ಲಿ ಇಬ್ಬರೂ ತಮ್ಮಿಚ್ಛೆಯಿಂದ ಚುಂಬಿಸುವುದಿಲ್ಲ, ಮನೋಬಲದಿಂದ ಇತರರ ಮೈಯನ್ನು ಕುಣಿಸಬಲ್ಲ ಅನ್ಯಗ್ರಹದವರು ಅವರನ್ನು ಬಲವಂತಪಡಿಸುತ್ತಾರೆ. ಶಾಟ್ನರ್ ಮತ್ತು ನಿಶೆಲ್ ನಿಕೋಲ್ಸ್ ಅಂದು ತೋರಿದ ಧೈರ್ಯವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನ್ನದಲ್ಲ. ಆದರೆ ‘ಟಿವಿಯಲ್ಲಿ ಮೊದಲ’ ಎಂಬುದು ನಿಲ್ಲುವ ಮಾತಲ್ಲ. ಬ್ರಿಟನ್ನಿನ ಐಟಿವಿಯಲ್ಲಿ 1959ರಲ್ಲಿ ಒಂದು, 1962ರಲ್ಲಿ ಇನ್ನೊಂದು ನಾಟಕ ಪ್ರಸಾರವಾಗಿದ್ದು, ಎರಡರಲ್ಲಿಯೂ ಜಮೈಕಾ ಮೂಲದ ನಟ ಲಾಯ್ಡ್ ರೆಕರ್ಡ್ ಬಿಳಿಯ ನಟಿಯನ್ನು ಚುಂಬಿಸುತ್ತಾರೆ. ಚೀಟಿ ಬರೆದವರು ಬಹುಶಃ ‘ಅಮೆರಿಕದ ಕಥಾಧಾರಾವಾಹಿಗಳಲ್ಲಿ ಹೆಸರಾದ’ ಎಂದು ಬರೆಯಬೇಕಿತ್ತು. ಇಲ್ಲಿ ಎರಡು ಉತ್ತರಗಳು ಸರಿ ಎಂಬ ಸ್ಥಿತಿಯಿಲ್ಲ, ಚೀಟಿಯ ಉತ್ತರವೇ ತಪ್ಪು. ನಿಮ್ಮ ಹಿರಿಯರು ಬರೆದದ್ದು ನಿಜವಾದರೂ ಅದು ಉತ್ತರವಲ್ಲ, ಆಕ್ಷೇಪ. ಆಕ್ಷೇಪಕ್ಕೆ ಅಂಕವಿಲ್ಲ. ಪ್ರಶ್ನೆಯನ್ನು ಕಿತ್ತುಹಾಕಿ, ಎದುರು ತಂಡಕ್ಕೆ ಬಂದ ಅಂಕವನ್ನೂ ಹಿಂದಕ್ಕೆ ಪಡೆಯಿರಿ.

ಇಂತಹ ತಪ್ಪುಗಳು ಚೀಟಿಯಿಂದ ಚೀಟಿಗೆ ದಾಟುವ ಬಗೆಯೇ ಒಂದು ತಮಾಷೆ. ಫ್ರೆಡ್ ವರ್ತ್ ಎಂಬ ಅಮೆರಿಕನ್ನರು ಚಿಲ್ಲರೆ ಸಂಗತಿಗಳ ಕೋಶವೊಂದನ್ನು ಬರೆದಾಗ, ಕದಿಯುವವರನ್ನು ಹಿಡಿಯಲೆಂದೇ ಪತ್ತೇದಾರ ಕೊಲಂಬೋನ ಮೊದಲ ಹೆಸರು ಫಿಲಿಪ್ ಎಂಬ ಸುಳ್ಳನ್ನು ಅದರೊಳಗೆ ಹುದುಗಿಸಿದ್ದರು. ‘ಟ್ರಿವಿಯಲ್ ಪರ್‌ಸ್ಯೂಟ್’ ಆಟದ ಕಾರ್ಡಿನಲ್ಲಿ ಅದೇ ಫಿಲಿಪ್ ಪ್ರತ್ಯಕ್ಷನಾದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಯಿತು. ವರ್ತ್ 1984ರಲ್ಲಿ 30 ಕೋಟಿ ಡಾಲರ್ ಕೇಳಿ ದಾವೆ ಹೂಡಿದರು. ಸಂಗತಿಗಳು ಯಾರ ಸ್ವತ್ತೂ ಅಲ್ಲ ಎಂಬ ಕಾರಣಕ್ಕೆ ಸೋತರು. ಚೀಟಿಯೇ ಅಂತಿಮ ಎನ್ನುವ ಕಟ್ಟಳೆ ಅವರು ಆ ಕಾರ್ಡಿಗೂ ಅಂಕ ಕೊಡುತ್ತಾರೆಯೇ ಎಂದು ಕೇಳಬೇಕೆನಿಸುತ್ತದೆ.

ಕಟ್ಟಳೆ:

ಕೊಡುತ್ತೇನೆ. ಆಟ ಮುಗಿದ ಮೇಲೆ ಕಾರ್ಡನ್ನು ತಿದ್ದುತ್ತೇನೆ, ಅಂಕಪಟ್ಟಿಯನ್ನಲ್ಲ.

ಧೂಮಕೇತು:

ತಿದ್ದುವ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಒಳ್ಳೆಯ ಪ್ರಶ್ನೆ ಬೇಕಾದರೆ ‘ಮೊದಲ’, ‘ಏಕೈಕ’, ‘ಅತಿ ದೀರ್ಘ’ ಎಂಬ ಪದಗಳನ್ನು ಬಿಟ್ಟು ಎಣಿಸಲು ಬರುವುದನ್ನು ಕೇಳಬೇಕು. ‘ಟ್ವಿಲೈಟ್ ಝೋನ್’ನ 156 ಕಂತುಗಳಲ್ಲಿ ರಾಡ್ ಸರ್ಲಿಂಗ್ ಬರೆದದ್ದು 92. ‘ಬ್ಯಾಬಿಲಾನ್ 5’ರ 110 ಕಂತುಗಳಲ್ಲಿ ಜೆ. ಮೈಕಲ್ ಸ್ಟ್ರಾಜಿನ್ಸ್ಕಿ ಬರೆದದ್ದೂ 92. ಈ ಎರಡು ಸಂಖ್ಯೆಗಳು ಹೀಗೆ ಕೂಡಿ ಬಂದದ್ದು ಶುದ್ಧ ಕಾಕತಾಳೀಯ, ಆದರೆ ‘ಇವರಿಬ್ಬರಿಗೂ ಸಮಾನವಾದ ಸಂಖ್ಯೆ ಯಾವುದು?’ ಎಂದು ಕೇಳಿದರೆ ಗೊತ್ತಿದ್ದವರು ನಗುತ್ತ ಬರೆಯುತ್ತಾರೆ, ಗೊತ್ತಿಲ್ಲದವರು ಸುಮ್ಮನಾಗುತ್ತಾರೆ, ವಾದಕ್ಕೆ ಜಾಗವಿರುವುದಿಲ್ಲ. ‘ಬೀಮ್ ಮಿ ಅಪ್, ಸ್ಕಾಟಿ (ಸ್ಕಾಟಿ, ನನ್ನನ್ನು ನೌಕೆಗೆ ಎತ್ತಿಕೋ) ಎಂಬ ಮಾತು ಮೂಲ ಸ್ಟಾರ್ ಟ್ರೆಕ್ ಧಾರಾವಾಹಿಯ ಎಷ್ಟು ಕಂತುಗಳಲ್ಲಿ ಇದೇ ರೂಪದಲ್ಲಿ ಬಂದಿದೆ?’ ಎಂಬುದೂ ಅಂತಹದೇ. ಉತ್ತರ ಸೊನ್ನೆ.

ಅರ್ಧಾಂಕ:

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಹಿಡಿದುಕೊಂಡು ನಿನ್ನೆ ಎರಡೂ ತಂಡಗಳು ಮತ್ತೆ ಸೇರಿದ್ದೆವು, ಚೀಟಿ ಬರೆದವರೂ ಈ ಸಲ ಇದ್ದರು. ದಿನಾಂಕದ ಪ್ರಶ್ನೆಗೆ ಎರಡೂ ಉತ್ತರ ಸರಿ ಎಂದಾಯಿತು, ನಮಗೊಂದು ಅಂಕ ಬಂತು. ಟಾರ್ಡಿಸ್ ಪ್ರಶ್ನೆಗೂ ಎರಡೂ ಸರಿ ಎಂದು ಒಪ್ಪಿದೆ, ಅವರಿಗೊಂದು ಅಂಕ ಸೇರಿತು. ಚುಂಬನದ ಪ್ರಶ್ನೆಯನ್ನು ಬರೆದವರೇ ಹರಿದು ಬುಟ್ಟಿಗೆ ಹಾಕಿದ್ದರಿಂದ ಅವರ ಒಂದು ಅಂಕ ಕಳೆಯಿತು. ಅಲ್ಲಿಗೆ 31–30.

ಉಳಿದದ್ದು ಕ್ಯಾಪ್ಟನ್. ರದ್ದು ಮಾಡಿದರೆ 30–30 ಸಮ ಎಂದು ನಾವು ಮೂವರೂ ಒಳಗೊಳಗೇ ಲೆಕ್ಕಹಾಕಿಕೊಂಡು ಕುಳಿತಿದ್ದೆವು. ಬರೆದವರು ಮಾತ್ರ ‘ನಾನು ಹಾಗೆ ಬರೆದೇ ಇಲ್ಲ’ ಎಂದು ಡಬ್ಬಿಯನ್ನು ಮಗುಚಿ ಆ ಚೀಟಿಯನ್ನು ಹುಡುಕಿ ತೆಗೆದರು. ನಾಲ್ಕಾಗಿ ಮಡಿಸಿದ್ದ ಕಾಗದ. ಮಡಿಕೆ ಸರಿಯಾಗಿ ಒಂದು ಅಕ್ಷರದ ಮೇಲೆ ಬಿದ್ದು ಶಾಯಿ ಸವೆದಿತ್ತು. ದೀಪದ ಕೆಳಗೆ ಹಿಡಿದು ನೋಡಿದಾಗ ‘ಲ’ಕಾರದ ನೆತ್ತಿಯ ಮೇಲೆ ಗುಡಿಸಿನ ಗುರುತು ಮಸುಕಾಗಿ ಕಾಣಿಸಿತು, ಸಾಲು ಮುಗಿದುಹೋದದ್ದರಿಂದ ‘ನ’ ಅಕ್ಷರ ಒಂಟಿಯಾಗಿ ಕೆಳಗಿನ ಸಾಲಿಗೆ ಇಳಿದಿತ್ತು. ಅವರು ಬರೆದದ್ದು ‘ಎಂಟರ್‌ಪ್ರೈಸ್ ನೌಕೆಯ ಮೊದಲಿನ ಕ್ಯಾಪ್ಟನ್ ಯಾರು?’ ಎಂದು. ಓದಿದವರಿಗೆ ಆ ಒಂಟಿ ‘ನ’ ಗೀಚು ಹೊಡೆಯಲು ಮರೆತ ಅಕ್ಷರದಂತೆ ಕಂಡು, ಅದನ್ನು ಬಿಟ್ಟು ‘ಮೊದಲ’ ಎಂದು ಓದಿದ್ದರು. ಕಿರ್ಕ್‌ಗಿಂತ ಹಿಂದೆ ಇದ್ದವರು ಯಾರು ಎಂಬುದೇ ಬರೆದವರ ಮನಸ್ಸಿನಲ್ಲಿದ್ದ ಪ್ರಶ್ನೆ, ಉತ್ತರ ಪೈಕ್.

ಪ್ರಶ್ನೆಯ ಮಾತನ್ನು ಅಕ್ಷರಶಃ ನೋಡಬೇಕು ಎಂದು ಒಂದು ವಾರದಿಂದ ಎಲ್ಲರ ತಲೆ ತಿಂದವನು ನಾನೇ ಆದ್ದರಿಂದ ಆ ಅಕ್ಷರದ ಮುಂದೆ ನನ್ನ ವಾದ ನಿಲ್ಲಲಿಲ್ಲ. ಆ ಅಂಕವನ್ನು ಅವರಿಗೇ ಬಿಟ್ಟುಕೊಟ್ಟೆ. ಎರಡರಿಂದ ಸೋತಿದ್ದೆವು, ಈಗ ಒಂದರಿಂದ ಸೋತಿದ್ದೇವೆ.

ಧೂಮಕೇತು:

ಅರ್ಧಾಂಕ ಅವರೇ, ಅವಸರಪಟ್ಟಿರಿ. ಚೀಟಿಯಲ್ಲಿ ‘ಮೊದಲಿನ ಕ್ಯಾಪ್ಟನ್’ ಎಂದಷ್ಟೇ ಇದ್ದು ‘ಕಿರ್ಕ್‌ಗಿಂತ ನಿಕಟಪೂರ್ವ’ ಎಂದಿಲ್ಲವಾದರೆ, ಪೈಕ್‌ನಂತೆ ಏಪ್ರಿಲ್ ಕೂಡ ಮೊದಲಿನವರೇ ಅಲ್ಲವೇ? ಹೋಗಿ ಆ ಅಂಕ ಕೇಳಿ. 31–31.